ಹನ್ನೊಂದನೆಯ ಊರು

"ಇಲ್ಲಿ ಗಾಳಿ ಯಾವ ಕಡಿಂದ ಬೀಸತೈತಿ?"

ಮಾಸೂರಿನ ಕೆರೆಯಂಗಳದಲ್ಲಿ ನಿಂತು ಫಕ್ಕೀರೇಶ ಗಟ್ಟಿಯಾಗಿ ಕೇಳಿದ. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಹತ್ತಿರದಲ್ಲಿದ್ದದ್ದು ಒಂದು ಎಮ್ಮೆ. ಅದು ಕುತ್ತಿಗೆಯವರೆಗೆ ನೀರಿನಲ್ಲಿ ಕೂತಿತ್ತು, ಗಾಳಿಯ ವಿಷಯ ಅದಕ್ಕೆ ಬೇಕಾಗಿರಲಿಲ್ಲ. ಅವನು ಬೆರಳನ್ನು ಎಂಜಲು ಮಾಡಿ ಮೇಲಕ್ಕೆತ್ತಿ ಹಿಡಿದು ನೋಡಿದ. ಆಮೇಲೆ ಜೇಬಿನಿಂದ ಡೈರಿ ತೆಗೆದು 'ಪಡುವಣ ಗಾಳಿ, ಸಾಧಾರಣ' ಎಂದು ಬರೆದು, ಪಕ್ಕದಲ್ಲಿ ವೇಳೆ ಹಾಕಿದ: ಏಳು ನಲವತ್ತು.

ವೇಳೆ ಹಾಕುವುದು ಅವನ ಕಸುಬು. ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಅವನು ಕಂಟ್ರೋಲರ್. ಇಪ್ಪತ್ತಾರು ವರ್ಷಗಳಿಂದ ಸರಳಿನ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುತ್ತ, ಮೈಕಿನಲ್ಲಿ ಕೂಗಿ ಮಂದಿಯನ್ನು ಹತ್ತಿಸಿ ಕಳಿಸುತ್ತ ಬಂದಿದ್ದ. ಹೀಗಾಗಿ ಮರುದಿನದ ಹಾಡಿನ ಹಬ್ಬಕ್ಕೂ ನಿಮಿಷಕ್ಕೆ ನಿಮಿಷ ಲೆಕ್ಕ ಹಾಕಿ ಒಂದು ವೇಳಾಪಟ್ಟಿ ಮಾಡಿದ್ದ.

ಹಬ್ಬ ಸಣ್ಣದು. ಹೆಸರು 'ಬಯಲ ಹಾಡು'. ಬೇಸಿಗೆಗೆ ನೀರು ಹಿಂದೆ ಸರಿದು ಬಿಟ್ಟುಕೊಟ್ಟ ಕೆರೆಯಂಗಳದಲ್ಲಿ ಭಾನುವಾರ ಸಂಜೆ ಜಮಖಾನ ಹಾಸಿಕೊಂಡು ಕೂಡುವುದು, ಕೇಳುವುದು, ಎದ್ದು ಮನೆಗೆ ಹೋಗುವುದು. ಹಾನಗಲ್ಲ ತಾಲೂಕಿನಿಂದ ಆಡೂರಿನ ಭಜನಾ ಮೇಳ, ಶಿಗ್ಗಾಂವಿ ಕಡೆಯಿಂದ ಹುಲಗೂರಿನ ಕವ್ವಾಲಿ ಹಾಡುವ ಅಣ್ಣತಮ್ಮಂದಿರು, ಸವಣೂರಿನಿಂದ ದಾಸರ ಪದ ಹಾಡುವ ಮನೋರಮಾಬಾಯಿ, ಕಡೆಗೆ ಇದೇ ಊರಿನ ಸಾವಂತ್ರವ್ವ. ಸರಕಾರದ್ದಲ್ಲ, ಮಠದ್ದಲ್ಲ, ಯಾವ ಸಂಘದ್ದೂ ಅಲ್ಲ. ವೇದಿಕೆ ಇಲ್ಲ, ಉದ್ಘಾಟನೆ ಇಲ್ಲ, ಯಾರಿಗೂ ಶಾಲು ಹೊದಿಸುವುದಿಲ್ಲ. ಹಾನಗಲ್ಲಿನ ಪ್ರೆಸ್ಸಿನ ಚೌಡಪ್ಪ, ಅಧ್ಯಕ್ಷರಿಲ್ಲದ ಕಾರ್ಡನ್ನು ತಾನು ಜೀವಮಾನದಲ್ಲಿ ಅಚ್ಚು ಹಾಕಿಲ್ಲ, ಹಾಕಿದರೆ ಗಿರಾಕಿಗಳು ತನ್ನದೇ ತಪ್ಪೆಂದು ತಿಳಿಯುತ್ತಾರೆ ಎಂದು ಎರಡು ದಿನ ಕೆಲಸ ಹಿಡಿದಿಟ್ಟಿದ್ದ. ಕೊನೆಗೆ 'ಅಧ್ಯಕ್ಷತೆ' ಎಂದು ಹಾಕಿ ಮುಂದೆ ಖಾಲಿ ಬಿಟ್ಟು ಕೊಟ್ಟ. ಕಾರ್ಡು ಹಂಚಿದ ಮರುದಿನವೇ ಮಾಜಿ ಪಂಚಾಯ್ತಿ ಸದಸ್ಯರೊಬ್ಬರು ಬಸ್ ನಿಲ್ದಾಣಕ್ಕೆ ಬಂದು, ಜಾಗ ಖಾಲಿ ಇದ್ದರೆ ತಮ್ಮದೇನೂ ಅಡ್ಡಿಯಿಲ್ಲ ಎಂದು ತಿಳಿಸಿ ಹೋಗಿದ್ದರು.

ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ ಫಕ್ಕೀರೇಶ, ನಮ್ಮ ಕಡೆಯ ಹಾಡು ನಾಲ್ಕು ಮಂದಿಗೆ ಮುಟ್ಟಲಿ ಅಂತ, ಎನ್ನುತ್ತಿದ್ದ. ಅದು ಸುಳ್ಳಲ್ಲ. ಆದರೆ ಆ ನಾಲ್ಕು ಮಂದಿಯಲ್ಲಿ ಮೊದಲನೆಯವನು ತಾನೇ ಎಂಬುದನ್ನು ಹೆಂಡತಿ ಶೈಲಶ್ರೀಯನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಸಾವಂತ್ರವ್ವ ಹಾಡುವುದು ನೀಲವ್ವನ ಪದ. ನೀಲವ್ವ ಹೊತ್ತಿಸಿದ ದೀಪವನ್ನು ಕೈಯಲ್ಲಿ ಹಿಡಿದು, ಹರಕೆ ತೀರಿಸಲು ದೇವರ ಗುಡ್ಡಕ್ಕೆ ನಡೆಯುತ್ತಾಳೆ. ದಾರಿಯಲ್ಲಿ ಹನ್ನೊಂದು ಊರು. ಊರಿಗೊಬ್ಬರು ಅಡ್ಡ ನಿಂತು ಏನಾದರೊಂದು ಬೇಡುತ್ತಾರೆ. ಅವಳು ಬಳೆ ಕೊಡುತ್ತಾಳೆ, ಬುತ್ತಿ ಕೊಡುತ್ತಾಳೆ, ಎಂಟನೆಯ ಊರಿನಲ್ಲಿ ತನ್ನ ಹೆಸರನ್ನೇ ಕೊಟ್ಟುಬಿಡುತ್ತಾಳೆ. ಹನ್ನೊಂದನೆಯ ಊರಿನಲ್ಲಿ ಕುರುಡಿಯೊಬ್ಬಳು ದೀಪ ಬೇಡುತ್ತಾಳೆ. ಆಗ ನೀಲವ್ವ ಏನು ಮಾಡಿದಳು ಎಂಬುದು ಊರಿನ ಬಹಳ ಮಂದಿಗೆ ಗೊತ್ತು. ಫಕ್ಕೀರೇಶನಿಗೆ ಗೊತ್ತಿರಲಿಲ್ಲ. ಸಣ್ಣವನಿದ್ದಾಗ ಏಳನೆಯ ಊರಿಗೆಲ್ಲ ಅವನಿಗೆ ನಿದ್ದೆ ಹತ್ತುತ್ತಿತ್ತು. ಮದುವೆಯಾದ ವರ್ಷ ಒಂಬತ್ತನೆಯ ಊರಿನಲ್ಲಿದ್ದಾಗ ಡ್ಯೂಟಿಗೆ ಕರೆ ಬಂತು. ಆಮೇಲೆ ಅಷ್ಟೂ ಸಿಗಲಿಲ್ಲ. ಸಾವಂತ್ರವ್ವ ಹಾಡುವುದೇ ವರ್ಷಕ್ಕೊಮ್ಮೆ, ವೈಶಾಖದಲ್ಲಿ, ತನಗೆ ತೋಚಿದ ದಿನ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು. ಹಿಡಿದ ಪದವನ್ನು ನಡುವೆ ಬಿಡುವಂತಿಲ್ಲ. ಮಂಗಳ ಹಾಡಿದ ಮೇಲೆ ಮುಂದಿನ ವೈಶಾಖದವರೆಗೆ ಅದನ್ನು ಎತ್ತುವಂತಿಲ್ಲ. ಬರಿಯ ಮಾತಿನಲ್ಲಿ ಅದರ ಕತೆ ಹೇಳುವಂತೆಯೂ ಇಲ್ಲ. ಹೇಳಿದರೆ ಕೇಳುವವನ ಪಾಲಿನ ಪುಣ್ಯ ಸೋರಿಹೋಗುತ್ತದೆ. ಶೈಲಶ್ರೀಯನ್ನು ಕೇಳಿದರೆ, ರಜಾ ಹಾಕಿ ಕುಂತು ಕೇಳ್ರಿ, ಎಂದಷ್ಟೇ ಹೇಳುತ್ತಿದ್ದಳು.

ಈಗ ರಜೆ ಮಂಜೂರಾಗಿತ್ತು. ಮೂರು ತಿಂಗಳು ಬೆನ್ನು ಹತ್ತಿದ ಮೇಲೆ ಸಾವಂತ್ರವ್ವ ಈ ವರ್ಷದ ಪದವನ್ನು ಭಾನುವಾರ ಕೆರೆಯಂಗಳದಲ್ಲೇ ಹಾಡಲು ಒಪ್ಪಿದ್ದಳು. ಅವಳ ಕರಾರು ಒಂದೇ: ಮೈಕ್ ಇರಲಿ, ಆದರೆ ಪದವನ್ನು ಯಾರೂ ಮೊಬೈಲಿನಲ್ಲಿ ತುಂಬಿಕೊಳ್ಳಬಾರದು. ಫಕ್ಕೀರೇಶ ದೇವರ ಆಣೆ ಮಾಡಿದ್ದ. ವೇಳಾಪಟ್ಟಿಯಲ್ಲಿ ಎಲ್ಲರ ಮುಂದೆಯೂ ಮುಗಿಯುವ ವೇಳೆ ಇತ್ತು. ಅವಳ ಮುಂದೆ ಮಾತ್ರ ಒಂದು ಗೆರೆ ಎಳೆದು ಬಿಟ್ಟಿದ್ದ.

ಗಾಳಿ ನೋಡಿದವನು ನೆಟ್ಟಗೆ ಅವಳ ಮನೆಗೆ ಹೋದ. ಎಪ್ಪತ್ತು ದಾಟಿದ ಸಾವಂತ್ರವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಪಕ್ಕದಲ್ಲಿ, ಪದಕ್ಕೆ ಹಿಂದಿನಿಂದ ದನಿಗೂಡಿಸಿ ಸೊಲ್ಲು ಹಿಡಿಯುವ ಮಾದೇವಿ. ಮಧ್ಯಾಹ್ನ ಮೂರಕ್ಕೆ ಮೈಕಿನ ಟೆಸ್ಟಿಂಗ್ ಇದೆ, ಇಬ್ಬರೂ ಬರಬೇಕು ಎಂದು ಫಕ್ಕೀರೇಶ ತಿಳಿಸಿದ. ಅಲ್ಲಿ ತಾನು ಏನು ಮಾಡಬೇಕು ಎಂದು ಸಾವಂತ್ರವ್ವ ಕೇಳಿದಳು.

"ಹಾಡಬೇಕು. ಹಲೋ ಹಲೋ ಅಂದ್ರ ದನಿ ತಿಳಿಯೂದಿಲ್ಲ ಆಯಿ. ನಾಳೆ ಹೆಂಗ ಹಾಡ್ತಿ, ಹಂಗ ಹಾಡು. ತುಂಬು ದನೀಲೆ."

ಅವಳು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟಳು.

"ದೇವ್ರ ಮುಂದ ಹಾಡಿದಂಗ ಹಾಡ್ಲೇನು?"

"ಹಂಗ ಹಾಡು."

"ನೀ ಹೇಳಾಕತ್ತಿ ನೋಡು ಮತ್ತ."

"ನಾನ ಹೇಳಾಕತ್ತೇನಿ," ಎಂದ ಫಕ್ಕೀರೇಶ. ಅವನಿಗೆ ಅವಸರವಿತ್ತು. ಜಮಖಾನ ತರಲು ಸವಣೂರಿಗೆ ಹೋಗಬೇಕಿತ್ತು.

ಜಮಖಾನ ಇದ್ದದ್ದು ರಾಘಣ್ಣನ ಮನೆಯಲ್ಲಿ. ರಾಘಣ್ಣ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತನಾದವನು, ಮನೋರಮಾಬಾಯಿಯ ಗಂಡ. ಬಾಡಿಗೆಯ ಸಣ್ಣ ಗಾಡಿ ಮನೆಯ ಮುಂದೆ ನಿಂತಾಗ ಎರಡೂವರೆ. ಜಮಖಾನ ಹೊತ್ತುಕೊಂಡು ಹತ್ತು ನಿಮಿಷದಲ್ಲಿ ಹೊರಡುವುದು ಫಕ್ಕೀರೇಶನ ಲೆಕ್ಕ. ಆದರೆ ರಾಘಣ್ಣ ಮೊದಲು ಚಹಾ ಕೊಡಿಸಿದ, ಆಮೇಲೆ ಅವಲಕ್ಕಿ ಕೊಡಿಸಿದ, ಆಮೇಲೆ ಕನ್ನಡಕ ಹಾಕಿಕೊಂಡು ವೇಳಾಪಟ್ಟಿಯನ್ನು ಸಾಲದ ಅರ್ಜಿಯ ಹಾಗೆ ಓದಿದ.

"ಇಕಿಗೆ ಹನ್ನೆರಡು ನಿಮಿಷ ಬರದೀಯಲ್ಲಪಾ. ಅದರಾಗ ಹಿಡೀತದೋ ಇಲ್ಲೋ, ಈಗ ನೋಡೇಬಿಡೋಣ. ಕೂಡು."

ಮನೋರಮಾಬಾಯಿ ಕೈತೊಳೆದು ಬಂದು, ದೇವರ ಕೋಣೆಯ ಕಡೆಗೆ ಮುಖ ಮಾಡಿ ಕೂತು ಹಾಡಿದರು. ಹದಿನಾಲ್ಕು ನಿಮಿಷವಾಯಿತು. ಒಂದು ನುಡಿ ಬಿಟ್ಟರೆ ಸರಿಹೋಗುತ್ತದೆ ಎಂದು ಫಕ್ಕೀರೇಶ ಮೆಲ್ಲಗೆ ಸೂಚಿಸಿದ.

"ಯಾವ ನುಡಿ ಬಿಡಬೇಕು, ನೀನೇ ಹೇಳು," ಎಂದ ರಾಘಣ್ಣ. "ಕಡೀದು ಬಿಟ್ರ ಅಂಕಿತ ಹೋಗ್ತದ. ಮೊದಲಿಂದು ಬಿಟ್ರ ದೇವರೇ ಬರೂದಿಲ್ಲ. ನಡುವಿಂದು ಬಿಟ್ರ, ಬಂದ ದೇವರು ಅಲ್ಲೇ ನಿಂದರ್ತಾನ."

ಬಹಳ ಹೊತ್ತು ವಿಚಾರ ನಡೆಯಿತು. ಕೊನೆಗೆ ಕವ್ವಾಲಿಯವರ ಎರಡು ನಿಮಿಷ ಕಿತ್ತು ಮನೋರಮಾಬಾಯಿಗೆ ಕೊಟ್ಟದ್ದಾಯಿತು. ಈ ನಡುವೆ ಫಕ್ಕೀರೇಶ ಹೊರಗೆ ಬಂದು ನಾಸೀರನಿಗೆ ಫೋನು ಹಚ್ಚಿದ. ನಾಸೀರ ಹುಲಗೂರಿನ ಮೈಕ್ ಸೆಟ್ಟಿನವನು. ಬೆಳಿಗ್ಗೆಯೇ ಮಾಸೂರಿಗೆ ಬಂದು ಕಂಬ ನೆಟ್ಟು, ಕೆರೆಯ ಕಡೆಗೊಂದು ಊರ ಕಡೆಗೊಂದು ಧ್ವನಿವರ್ಧಕದ ಹಾರ್ನು ಕಟ್ಟಿದ್ದ. ಅವ್ವಾರು ಶುರು ಮಾಡಿ ಅರ್ಧ ತಾಸಾಯಿತು, ಉರುಸಿನಲ್ಲಿಯೂ ಇಂಥ ದನಿ ತನ್ನ ಮಷೀನಿಗೆ ಬಿದ್ದಿಲ್ಲ ಎಂದು ಹೇಳಿದ. ಫಕ್ಕೀರೇಶನಿಗೆ ಸಮಾಧಾನವಾಯಿತು. ಊರ ಕಡೆಯ ಹಾರ್ನನ್ನೂ ಹಚ್ಚಿ ನೋಡು, ಎಂದು ಹೇಳಿ ಒಳಗೆ ಹೋಗಿ ಇನ್ನೊಂದು ಚಹಾ ಕುಡಿದ.

ಹಾವೇರಿಯ ಹತ್ತಿರ ಬರುವಾಗ ಐದು ಗಂಟೆ. ಟೆಸ್ಟಿಂಗ್ ಮುಗಿದಿರಬೇಕು, ವಾಯರು ಸುತ್ತಿಡಲು ಹೇಳೋಣ ಎಂದು ಮತ್ತೆ ಫೋನು ಮಾಡಿದ.

"ಎಲ್ಲಿ ಮುಗೀತ್ರಿ ಸಾಹೇಬ್ರ," ಎಂದ ನಾಸೀರ. "ಈಗ ಆ ಹೆಣ್ಮಗಳು ತನ್ನ ಹೆಸರ ಕೊಟ್ಟ್ ಬಿಟ್ಲು."

ಫಕ್ಕೀರೇಶ ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಕಿವಿಗೆ ಹಿಡಿದ. ಪದದ ನಿಯಮ ಅವನಿಗೆ ತೊಟ್ಟಿಲಿನಿಂದ ಗೊತ್ತಿತ್ತು. ಆದರೆ ಟೆಸ್ಟಿಂಗಿಗೆ ಹಾಡುವುದೂ ಹಾಡುವುದೇ ಎಂದು ಅವನ ತಲೆಗೆ ಹೊಳೆದಿರಲಿಲ್ಲ. ದಿನಾ ಬೆಳಿಗ್ಗೆ ಮೈಕ್ ಸರಿ ಇದೆಯೇ ಎಂದು ನೋಡಲು ಅವನು 'ರಾಣೇಬೆನ್ನೂರು, ರಾಣೇಬೆನ್ನೂರು' ಎನ್ನುತ್ತಿದ್ದ. ಅದನ್ನು ಕೇಳಿ ಈವರೆಗೆ ಯಾರೂ ಬಸ್ಸಿಗೆ ಓಡಿರಲಿಲ್ಲ.

"ನಿಲ್ಸು," ಎಂದ.

"ಯಾರನ್ನ್ರಿ?"

"ಆಯಿನ್ನ."

ನಾಸೀರ ದನಿ ತಗ್ಗಿಸಿದ.

"ಮಷೀನ್ ಬಂದ್ ಮಾಡಂದ್ರ ಮಾಡ್ತೇನ್ರಿ ಸಾಹೇಬ್ರ. ಅವ್ವಾರನ್ನ ಬಂದ್ ಮಾಡೂ ಸ್ವಿಚ್ ನನ್ನ ಕಡೆ ಇಲ್ರಿ."

ಮಾದೇವಿಗೆ ಫೋನು ಕೊಡು ಎಂದರೆ, ಮಾದೇವಿ ಸೊಲ್ಲು ಹಿಡಿದಿದ್ದಳು. ಇನ್ನು ನಡುವೆ ತಡೆದರೆ ಪದಕ್ಕೆ ಅಪಚಾರ. ಅದನ್ನು ಮಾಡುವ ಎದೆ ಫಕ್ಕೀರೇಶನಿಗೂ ಇರಲಿಲ್ಲ. ಬೇಡ, ಬಿಡು, ಎಂದ. ಫೋನನ್ನು ಹಾರ್ನಿನ ಹತ್ತಿರ ಹಿಡಿಯಲು ಹೇಳಿದ. ತುಂಬಿಕೊಳ್ಳಬಾರದೆಂದು ಆಣೆಯಾಗಿತ್ತು, ಕೇಳಬಾರದೆಂದು ಆಗಿರಲಿಲ್ಲ. ನಾಸೀರ ಹಿಡಿದ. ಬಂದದ್ದು ಬರೀ ಭೋರೆಂಬ ಸದ್ದು. ಆ ಭೋರಿನೊಳಗೆ ಎಲ್ಲೋ ಒಂಬತ್ತನೆಯ ಊರು ಇತ್ತು. ಫಕ್ಕೀರೇಶ ಕಣ್ಣು ಮುಚ್ಚಿ, ಇನ್ನೊಂದು ಕಿವಿಗೆ ಬೆರಳು ಒತ್ತಿಕೊಂಡು ಕೂತ. ನಾಲ್ಕು ಕಿಲೋಮೀಟರು ದಾಟುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಜೋರಾಗಿ ಬಿಡು ಎಂದು ಗಾಡಿಯವನಿಗೆ ಹೇಳಿದ. ಗಾಡಿಯವನು ಬಿಟ್ಟ. ಆದರೆ ಹಿರೇಕೆರೂರಿನ ನಿಲ್ದಾಣದ ಮುಂದೆ ಎರಡೂ ಕಡೆಯ ಬಸ್ಸುಗಳು ದಾರಿ ಕಟ್ಟಿ ನಿಂತಿದ್ದವು. ಫಕ್ಕೀರೇಶನ ಬದಲಿಗೆ ಡ್ಯೂಟಿಯಲ್ಲಿದ್ದವನು ನಿಯಮದ ಪ್ರಕಾರ ಒಂದೊಂದಾಗಿ ವೇಳೆ ಬರೆದು ಬಿಡುತ್ತಿದ್ದ. ಒಂಬತ್ತು ನಿಮಿಷ ಹೋಯಿತು. ಬೈಯಲು ಬಾಯಿ ಬರಲಿಲ್ಲ. ತಾನಿದ್ದರೂ ಹೀಗೇ ಬಿಡುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು.

ಗಾಡಿ ಕೆರೆಯ ಏರಿ ಹತ್ತಿದಾಗ ಸಾವಂತ್ರವ್ವನ ದನಿ ಎರಡೂ ಹಾರ್ನುಗಳಿಂದ ನೀರಿನ ಮೇಲೆ ಹಾಯ್ದು ಬರುತ್ತಿತ್ತು. ಒಂದು ಅಕ್ಷರವೂ ಮುಕ್ಕಾಗುತ್ತಿರಲಿಲ್ಲ. ನಾಸೀರ ಹೇಳಿದ್ದು ಖರೆ. ಹಾಡುತ್ತಿದ್ದದ್ದು ಮಂಗಳ.

ಊರ ಕಡೆಯ ಹಾರ್ನು ಹಚ್ಚಿದ್ದರಿಂದ ಊರು ಬಂದಿತ್ತು. ಜಮಖಾನ ಗಾಡಿಯಲ್ಲಿದ್ದುದರಿಂದ ಎಲ್ಲರೂ ಬರಿ ನೆಲದ ಮೇಲೆ ಕೂತಿದ್ದರು. ಮಂಗಳ ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು, ಮಣ್ಣು ಕೊಡವಿಕೊಂಡು, ಕೊಬ್ಬರಿಸಕ್ಕರೆ ಇಸಿದುಕೊಂಡು ಹೊರಟರು. ಹೋಗುವವರು ಫಕ್ಕೀರೇಶನನ್ನು ಕಂಡು, ಕಾರ್ಯಕ್ರಮ ಚೊಲೋ ಆತು ಎಂದರು. ನೀವ ಕಾಣಲಿಲ್ಲಲ್ರಿ, ಎಂದೂ ಒಬ್ಬರು ಕೇಳಿದರು. ಗುಂಪಿನಲ್ಲಿ ಶೈಲಶ್ರೀಯೂ ಇದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಗಂಡನನ್ನು ನೋಡಿ ಏನೋ ಹೇಳಲು ಹೋಗಿ, ಹೇಳದೆ, ಜಮಖಾನ ಇಳಿಸತೊಡಗಿದಳು.

ನಾಸೀರ ವಾಯರು ಸುತ್ತುತ್ತಿದ್ದ.

"ಆ ಕುರುಡಿಗೆ ನೀಲವ್ವ ಹಿಂಗ ಮಾಡ್ತಾಳಂತ ನಾ ಅನ್ಕೊಂಡಿದ್ದಿಲ್ರಿ ಸಾಹೇಬ್ರ."

"ಹೆಂಗ?" ಎಂದ ಫಕ್ಕೀರೇಶ.

ನಾಸೀರ ಬಾಯಿ ತೆಗೆದ. ಸಾವಂತ್ರವ್ವನ ಕಡೆ ನೋಡಿದ. ಅವಳೂ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿ ವಾಯರು ಸುತ್ತುವುದನ್ನು ಮುಂದುವರಿಸಿದ.

ಫಕ್ಕೀರೇಶ ಅವಳ ಎದುರಿಗೆ ಹೋಗಿ ನೆಲದ ಮೇಲೆ ಕೂತ. ನಾಳೆಯ ಮಾತೆತ್ತಿದ. ನಾಳೆ ತಾನು ಬಂದೇ ಬರುತ್ತೇನೆ, ಸವಣೂರಿನ ಬಾಯಿಯವರ ಹಾಡು ಕೇಳಬೇಕು ಎಂದು ಅವಳು ಹೇಳಿದಳು. ಕಾರ್ಡು ಹಂಚಿದ್ದಾಗಿದೆ, ನಾಲ್ಕು ತಾಲೂಕಿನಿಂದ ಮಂದಿ ಬರುತ್ತಾರೆ, ಕಡೆಯ ಹಾಡೇ ಇಲ್ಲದಿದ್ದರೆ ಹೇಗೆ ಎಂದು ಇವನು ಕೇಳಿದ. ಆಡೂರಿನವರು ಇನ್ನೊಂದು ಹಾಡಲಿ, ಅವರಿಗೆ ಬೇಕಾದಷ್ಟು ಬರುತ್ತವೆ, ಎಂದಳು.

"ನೀನ ಅಂದೆಲ್ಲೋ, ದೇವ್ರ ಮುಂದ ಹಾಡಿದಂಗ ಹಾಡು ಅಂತ. ಹಾಡಿದೆ. ಮಂಗಳ ಆತು."

ಮಂದಿ ಏರಿ ದಾಟಿ ಹೋಗಿದ್ದರು. ಫಕ್ಕೀರೇಶ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಆಯಿ, ನಾ ಕೇಳಿಲ್ಲ," ಎಂದ. "ಹುಟ್ಟಿದಾಗಿಂದ ಒಮ್ಮೀನೂ ಕಡೀತನಕ ಕೇಳಿಲ್ಲ. ಅದಕ್ಕ ಇಷ್ಟೆಲ್ಲಾ ಮಾಡಿದ್ದು. ನಾಳೆ ಬ್ಯಾಡ. ಮೈಕ್ ಬ್ಯಾಡ. ಈಗ, ನನ್ನೊಬ್ಬನ ಮುಂದ, ಹನ್ನೊಂದನೇ ಊರಷ್ಟು."

ಮಾದೇವಿಯ ಕೈ ತಾನಾಗಿಯೇ ತಾಳದ ಕಡೆಗೆ ಹೋಯಿತು, ಅಲ್ಲೇ ನಿಂತಿತು. ಮೂರು ತಾಸು ಹಾಡಿ ಸಾವಂತ್ರವ್ವನ ದನಿ ಬಿದ್ದುಹೋಗಿತ್ತು.

"ಇಲ್ಲ ಮಗನ," ಎಂದಳು. "ಹಾಡೂದಿಲ್ಲ."