ಕೊಬ್ಬರಿ ದರದ ಚೀಟಿ

ಹೊನ್ನವಳ್ಳಿಯ ನನ್ನ ಜೆರಾಕ್ಸ್ ಅಂಗಡಿಗೆ ಬಂದವರೆಲ್ಲ ಮೊದಲು ಕೇಳುವುದು ಕೊಬ್ಬರಿ ದರ. ಹೇಳಿ ಹೇಳಿ ಸಾಕಾಗಿ, ಹರಾಜಿನ ದರವನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪರದೆಯ ಬಲಗಡೆ ಮೇಲ್ಮೂಲೆಗೆ ಅಂಟಿಸಿದ್ದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಬಿಳಿಗೆರೆಯ ಯೋಗಿತಾ ಸರ್ಕಾರಿ ನರ್ಸ್ ಪರೀಕ್ಷೆಯ ಹಾಲ್‌ಟಿಕೆಟ್ ತೆಗೆಸಲು ಬಂದಳು. ಪರೀಕ್ಷೆ ಮಾರನೆಯ ದಿನವೇ. ವಯಸ್ಸಿನ ಮಿತಿಯಿಂದಾಗಿ ಅವಳಿಗದು ಕೊನೆಯ ಅವಕಾಶ. ಅವಳ ಫೋನಿನಲ್ಲಿ ಸೈಟು ತೆರೆದಿರಲಿಲ್ಲ. ನನ್ನಲ್ಲಿ ತೆರೆಯಿತು, ಆದರೆ ಹಾಲ್‌ಟಿಕೆಟ್ ಬರಲಿಲ್ಲ. ಬೇರೆ ಕಾಗದಗಳು ಒತ್ತಿದೊಡನೆ ಪರದೆ ತುಂಬ ಕಾಣುತ್ತವೆ. ಇದು ಐದು ಸಲ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ನನಗೆ ಸಿಟ್ಟು ಬಂತು.

"ಅರ್ಜಿನೇ ಸರಿಯಾಗಿ ತುಂಬಿಲ್ಲ ಕಣಮ್ಮ ನೀನು. ಇಷ್ಟ್ ಓದಿ ಏನ್ ಬಂತು?"

ಅಂಗಡಿಯಲ್ಲಿದ್ದವರು ನಕ್ಕರು. ಅವಳು ತಲೆ ತಗ್ಗಿಸಿ ಹೋದಳು.

ಹದಿನೈದು ದಿನದ ಮೇಲೆ ಪ್ರಿಂಟರ್ ರಿಪೇರಿಗೆ ತಿಪಟೂರಿನ ತಿಲಕ್ ಬಂದ. ಏನೋ ಫೈಲು ಇಳಿಸಿಕೊಂಡವನು ಚೀಟಿ ಕಿತ್ತು ನಕ್ಕ. ಅದು ಮುಚ್ಚಿದ್ದ ಜಾಗದಲ್ಲಿ, ಪರದೆಯ ಮೇಲೆ, ಒಂದು ಬಾಣದ ಗುರುತು.

"ಫೈಲು ಇಳೀತು ಅಂತ ತೋರ್ಸೋದೇ ಇಲ್ಲಿ ಕಣಣ್ಣ, ಮುಚ್ಚಿಟ್ಟಿದ್ದೀಯಲ್ಲ!"

"ಎಲ್ಲಾ ಪರದೆ ಮೇಲೇ ಬರ್ತವಲ್ಲೋ?"

"ಎಲ್ಲಾ ಬರಲ್ಲ. ತೋರ್ಸು ಅಂತ ಸೈಟಿನೋರು ಹೇಳಿ ಕಳ್ಸಿದ್ರೆ ಬ್ರೌಸರ್ ತೋರ್ಸುತ್ತೆ. ಇಳಿಸ್ಕೋ ಅಂದಿದ್ರೆ ಇಳಿಸ್ಕೊಂಡು ಸುಮ್ನಿರುತ್ತೆ."

ಅವನು ಡೌನ್‌ಲೋಡ್ ಫೋಲ್ಡರ್ ತೆರೆದ. ಯೋಗಿತಾಳ ಹಾಲ್‌ಟಿಕೆಟ್ ಅಲ್ಲಿತ್ತು. ಒಂದಲ್ಲ, ಐದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಂದೇ ಬಾಗಿಲು ಹಾಕಿ ಬಿಳಿಗೆರೆಗೆ ಹೋದೆ. ತೋಟದ ಮನೆಯಲ್ಲಿ ಅವಳ ತಾತ ಹುಚ್ಚಣ್ಣ ನಾನು ಬಾಯಿ ತೆರೆಯುವ ಮೊದಲೇ ಎಳನೀರು ಕೊಚ್ಚಿ ಕೈಗಿತ್ತ.

"ನಮ್ ಹುಡುಗಿ ಅರ್ಜಿ ತಪ್ಪಾಗಿ ತುಂಬಿ ಪರೀಕ್ಷೆನೂ ಕಳ್ಕೊಂಡು, ನಿಮ್ಗೂ ತೊಂದ್ರೆ ಕೊಟ್ಳು. ಮನ್ಸಿಗೆ ಹಚ್ಕೋಬ್ಯಾಡಿ ಕಣ್ರೀ."

ಹಾಳಾದ್ದು, ಆ ಎಳನೀರು ಕುಡಿಯಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಯೋಗಿತಾ ಒಂದೇ ಮಾತು ಕೇಳಿದಳು.

"ನೀವು ಬೈದಾಗ್ಲೂ ಅದು ಅಲ್ಲೇ ಇತ್ತಾ, ಅಣ್ಣ?"

"ಇತ್ತು ಕಣಮ್ಮ."

ಹುಚ್ಚಣ್ಣ ಮಚ್ಚು ಕೆಳಗಿಟ್ಟ. ಅವನಿಗೆ ನನ್ನ ಮುಖವನ್ನೂ ನೋಡಲಾಗಲಿಲ್ಲ, ಮೊಮ್ಮಗಳ ಮುಖವನ್ನೂ ನೋಡಲಾಗಲಿಲ್ಲ.

"ನಿಮ್ ಮಾತ್ ನಂಬ್ಕೊಂಡು ಹದಿನೈದ್ ದಿನದಿಂದ ಇವಳ್ನ ಬೈತಾ ಇದೀನಲ್ರೀ," ಅಂದ.