ಒಂದೇ ಕೆನ್ನೆಯ ಕ್ಷೌರ

ಆಸ್ಪತ್ರೆಗೆ ಬಂದು ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನೆ ಸಂಜೆ ಬಂದ ಜ್ವರ ನಮ್ಮ ಬಾಗಿಲು ದಾಟುವಷ್ಟರಲ್ಲಿ ವಾರದ ಜ್ವರವಾಗಿರುತ್ತದೆ! ಹಳೆಯ ಕಾಯಿಲೆ ಅಂದರೆ ಬೇಗ ಒಳಗೆ ಬಿಡುತ್ತಾರೆ ಅನ್ನುವ ನಂಬಿಕೆ. ತುಮಕೂರಿನ ಈ ನರ್ಸಿಂಗ್ ಹೋಮಿನಲ್ಲಿ ಹದಿನೆಂಟು ವರ್ಷದಿಂದ ಸಿಸ್ಟರ್ ರೇವಮ್ಮ ಅಂದರೆ ನಾನೇ. ಇಂಥ ವಾರಗಳನ್ನು ಬೇಕಾದಷ್ಟು ನೋಡಿದ್ದೇನೆ.

೧೯೮೮ರ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದೂವರೆಗೆ ನಿಟ್ಟೂರಿನಿಂದ ಒಂದು ಬಾಡಿಗೆ ಕಾರು ಬಂತು. ಒಳಗೆ ಜುಂಜಪ್ಪ, ನಲವತ್ತೈದರ ಗಂಡಸು, ತಲೆ ಕಿವಿ ಕೆನ್ನೆ ಮುಚ್ಚುವಂತೆ ಟವೆಲ್ ಸುತ್ತಿಕೊಂಡು ಎದೆ ಹಿಡಿದು ನರಳುತ್ತಿದ್ದ. ಡಾಕ್ಟರ್ ಮಹಾದೇವಯ್ಯನವರು ಇಸಿಜಿ ನೋಡಿದ್ದೇ ತಡ, ಕೂಗಿದರು.

“ಹಾರ್ಟ್ ಅಟ್ಯಾಕ್! ಸಿಸ್ಟರ್, ಫ್ರಿಜ್ಜಲ್ಲಿರೋ ಸ್ಟ್ರೆಪ್ಟೋಕೈನೇಸ್ ತನ್ನಿ!”

ಆ ಸೀಸೆಯ ಪುರಾಣವನ್ನು ಅವರು ಒಂದು ತಿಂಗಳಿಂದ ಹೇಳಿದ್ದೇ ಹೇಳಿದ್ದು. ಗಂಟಲು ನೋವು ತರುವ ಒಂದು ಕ್ರಿಮಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವುದನ್ನು ಐವತ್ತೈದು ವರ್ಷದ ಹಿಂದೆ ಅಮೆರಿಕದಲ್ಲಿ ಕಂಡರಂತೆ. ಕ್ರಿಮಿಯಿಂದ ಆ ಸತ್ವ ತೆಗೆದು, ಶುದ್ಧ ಮಾಡಿ, ಹೃದಯದ ನಾಳ ಕಟ್ಟಿದ ಹೆಪ್ಪಿಗೂ ಆಗುತ್ತದೆ, ಆಗುವುದಿಲ್ಲ ಎಂದು ವರ್ಷಗಟ್ಟಲೆ ವಾದ ಮಾಡಿದರಂತೆ. ಕೊನೆಗೆ ಎರಡು ವರ್ಷದ ಹಿಂದೆ ಇಟಲಿಯವರು ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ ಗೆದ್ದರು. ನಮ್ಮಲ್ಲಿಗೆ ಬಂದಿದ್ದು ಒಂದೇ ಸೀಸೆ. ನೋವು ಶುರುವಾದ ಆರು ಗಂಟೆಯೊಳಗೆ ಕೊಡಬೇಕು. ಒಂದು ದಿನ ಕಳೆದರೆ ಉಪಯೋಗವಿಲ್ಲ, ಎಲ್ಲೋ ರಕ್ತ ಸೋರುವ ಅಪಾಯ ಮಾತ್ರ.

“ನೋವು ಯಾವಾಗ ಶುರುವಾಯ್ತಮ್ಮ?” ಎಂದು ಡಾಕ್ಟರು ಜುಂಜಪ್ಪನ ಹೆಂಡತಿ ಪುಟ್ಟಗಂಗಮ್ಮನನ್ನು ಕೇಳಿದರು.

“ನೆನ್ನೆ ಬೆಳಿಗ್ಗೆಯಿಂದ್ಲೂ ಹಿಂಗೇ ಒದ್ದಾಡ್ತಾವ್ರೆ ಸಾಮಿ. ಬ್ಯಾಗ ನೋಡಿ.”

ಡಾಕ್ಟರ ಮುಖ ಬಾಡಿತು. “ಸೀಸೆ ವಾಪಸ್ ಇಡಿ ಸಿಸ್ಟರ್.”

ಸೀಸೆ ಪಕ್ಕಕ್ಕಿಟ್ಟೆ. ಜುಂಜಪ್ಪನ ಬೆವರು ಒರೆಸೋಣವೆಂದು ಟವೆಲ್ ಬಿಚ್ಚಿದೆ. ಎಡಗೆನ್ನೆ ನುಣ್ಣಗಿತ್ತು. ಬಲಗೆನ್ನೆಯಲ್ಲಿ ವಾರದ ಗಡ್ಡ! ಕಿವಿಯ ಹಿಂದೆ ಸೋಪು ಒಣಗಿ ಅಂಟಿತ್ತು.

“ಏನಮ್ಮ, ನೆನ್ನೆ ಮಂಗಳವಾರ. ಮಂಗಳವಾರ ನಿಮ್ಮೂರಲ್ಲಿ ಯಾವ ಕ್ಷೌರದಂಗಡಿ ಬಾಗಿಲು ತೆಗೆದಿತ್ತು? ಗಂಡನ ಜೀವದ ಜೊತೆ ಆಟ ಆಡ್ತಿದೀಯಾ? ನಿಜ ಹೇಳು!”

ಆಕೆ ಬಿಕ್ಕಿದಳು. “ಇವತ್ತೇ ಕಣಮ್ಮ. ಒಂಬತ್ ಗಂಟೆ ರೈಲು ಕೂಗ್ತಂತೆ, ಅಂಗ್ಡೀಲಿ ಕುಂತಂಗೇ ಎದೆ ಹಿಡ್ಕಂಡ್ರಂತೆ. ನಮ್ಮಪ್ಪಂಗೆ ಹಿಂಗೇ ಆದಾಗ ಇನ್ನೊಂದ್ ಆಸ್ಪತ್ರೇಲಿ ನಿಜ ಹೇಳಿದ್ದೆ, ಈಗ್ಲೇ ಶುರುವಾಗಿದ್ದು ಅಂತ. ‘ಈಗ್ಲೇ ತಾನೆ? ಕೂತ್ಕೋ, ಕರೀತೀವಿ’ ಅಂದ್ರು ನರ್ಸಮ್ಮ. ಅಪ್ಪ ಬೆಂಚಿನ್ ಮ್ಯಾಲೇ ಹೋಗ್ಬುಟ್ಟ.”

ಆ ನರ್ಸಮ್ಮ ನಾನಲ್ಲ. ಆದರೆ ಆ ಮಾತು ನನ್ನದೇ, ದಿನಕ್ಕೆ ಹತ್ತು ಸಲ ಆಡುವ ಮಾತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು.

“ಸಾರ್, ಎರಡೂವರೆ ಗಂಟೆ ಅಷ್ಟೇ!” ಎಂದು ಕಿರುಚಿ ಸೀಸೆ ಕೈಗೆತ್ತಿಕೊಂಡೆ.

“ಕುಲುಕಬೇಡಿ, ನೊರೆ ಬರುತ್ತೆ!” ಡಾಕ್ಟರು ಎದೆಬಡಿತ ತೋರಿಸುವ ಮಾನಿಟರಿನತ್ತ ಓಡಿದರು. ಹಸುಗೂಸನ್ನು ಹೊರಳಿಸುವಂತೆ ಸೀಸೆ ಹೊರಳಿಸಿ ಒಳಗಿನ ಪುಡಿಯನ್ನು ಸಲೈನಿನಲ್ಲಿ ಕರಗಿಸಿದೆ. ಡ್ರಿಪ್ ಶುರುವಾಯಿತು. ನಲವತ್ತು ನಿಮಿಷಕ್ಕೆ ಮಾನಿಟರಿನ ಗೆರೆ ಹುಚ್ಚೆದ್ದು ಕುಣಿಯಿತು. ಡ್ರಿಪ್ ನಿಲ್ಲಿಸಲು ಕೈ ಚಾಚಿದೆ.

“ಹೆದರಬೇಡಿ! ಹೆಪ್ಪು ಕರಗಿದಾಗ ಹಿಂಗಾಗುತ್ತೆ!” ಎಂದರು ಡಾಕ್ಟರು. ಕುಣಿತ ನಿಂತಿತು. ಹೊಸ ಇಸಿಜಿಯಲ್ಲಿ, ಅಟ್ಯಾಕಿನಿಂದ ಮೇಲೆದ್ದಿದ್ದ ಗೆರೆ ಇಳಿದಿತ್ತು. ಡಾಕ್ಟರು ಆ ಕಾಗದವನ್ನು ಎಲ್ಲರಿಗೂ ತೋರಿಸುತ್ತ ವಾರ್ಡಿನಲ್ಲೆಲ್ಲ ಓಡಾಡಿದರು. ನಾನು ನಾಚಿಕೆ ಬಿಟ್ಟು ಅತ್ತೆ.

ಜುಂಜಪ್ಪ ಕಣ್ಣು ಬಿಟ್ಟ. “ನೋವು ಹೋಯ್ತು ಕಣಮ್ಮ.” ಕೈ ಬಲಗೆನ್ನೆಗೆ ಹೋಯಿತು. “ಇದೊಂದ್ ಕಡೆ ಕೆರೆಸ್ಕಂಬುಡ್ಲಾ?”

“ಕತ್ತಿ ಮುಟ್ಟಿದ್ರೆ ಜೋಕೆ! ಈ ಔಷಧಿ ಮೇಲೆ ಗಾಯ ಆದ್ರೆ ರಕ್ತ ನಿಲ್ಲಲ್ಲ. ಹಂಗೇ ಬಿದ್ಕೋ!” ಎಂದು ಗದರಿದೆ. ಪುಟ್ಟಗಂಗಮ್ಮ ಅಳುತ್ತಲೇ ನಕ್ಕಳು.

ಹೊರಗೆ ಬಂದೆ. ಬೆಂಚಿನ ಮೇಲೆ ಐದಾರು ಜನ ಕಾಯುತ್ತಿದ್ದರು. ಎಲ್ಲರೂ ಒಟ್ಟಿಗೇ ಎಂಟು ದಿನ, ಹದಿನೈದು ದಿನ ಎಂದು ಶುರು ಮಾಡಿದರು. ತುದಿಯಲ್ಲಿದ್ದ ಒಬ್ಬ ಮುದುಕ ಮಾತ್ರ ಹೊಟ್ಟೆ ಹಿಡಿದುಕೊಂಡು, ತಪ್ಪು ಮಾಡಿದವನ ಹಾಗೆ ಮೆಲ್ಲಗೆ ಹೇಳಿದ.

“ನಂದು ಈಗ್ಲೇ ಶುರುವಾಗಿದ್ದು ಕಣವ್ವ.”

“ನೀನು ಮೊದಲು ಬಾರಪ್ಪ” ಎಂದು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.