ಓರೆ ಹಲ್ಲು

"ಕೈ ಮಾಡಿದ್ರಾ?"

ಅಮ್ಮ ಈ ಪ್ರಶ್ನೆಯನ್ನು ಬೆಳಗಿನಿಂದ ಬೇರೆ ಬೇರೆ ಧಾಟಿಯಲ್ಲಿ ಕೇಳುತ್ತಲೇ ಇದ್ದಳು. ಮಗಳು ತಲೆ ಎತ್ತಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಸ್ಪಿರಿಟ್ ದೀಪ ಹಚ್ಚಿಟ್ಟುಕೊಂಡು, ಗುಲಾಬಿ ಬಣ್ಣದ ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದಳು. ಹಲ್ಲು ಕಟ್ಟುವುದು ಅವಳ ಕಸುಬು. ಡಾಕ್ಟರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಅದಕ್ಕೆ ಒಪ್ಪುವ ಸೆಟ್ಟು ಮಾಡಿಕೊಡುವವಳು ಇವಳು. ಈ ಸಲದ ಅಚ್ಚು ಅಮ್ಮನದು.

"ಇಲ್ಲಮ್ಮ, ಹೊಡೆದಿಲ್ಲ."

"ಕುಡೀತಾರಾ?"

"ಇಲ್ಲ."

"ಮತ್ತೆ ಬೇರೆ ಯಾರಾದ್ರೂ..."

"ಅದೂ ಇಲ್ಲ. ಲ್ಯಾಬಿಗೆ ಫೋನ್ ಮಾಡಿ, ನಾಳೆಯಿಂದ ಅವಳು ಬರಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂದ್ಬಿಟ್ರು. ನನ್ನ ಕೆಲಸ, ನನಗೇ ಗೊತ್ತಿಲ್ಲ. ಯಾಕೆ ಅಂತ ಕೇಳಿದ್ರೆ ನಗ್ತಾರೆ. ಕಂಡೋರ ಎಂಜಲು ಬಾಯಿ ಸಹವಾಸ ನಿನಗ್ಯಾಕೆ ಅಂತಾರೆ."

"ಅಷ್ಟೇನಾ?"

"ಅಷ್ಟೇ."

ಅಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಹೊಡೆಯದ, ಕುಡಿಯದ, ಸಂಜೆಯಾದರೆ ನೆಟ್ಟಗೆ ಮನೆಗೆ ಬರುವ ಗಂಡನನ್ನು ಬಿಟ್ಟು ಬರುವವರೂ ಇರುತ್ತಾರೆಯೇ? ಬಂದವಳಾದರೂ ಹೇಗೆ ಬಂದಿದ್ದಳು! ಬ್ಯಾಗಿನಲ್ಲಿ ಬಟ್ಟೆ ನಾಲ್ಕು, ಉಳಿದದ್ದೆಲ್ಲ ಅರ, ಚಾಕು, ಮೇಣದ ಡಬ್ಬಿ. ಮುನಿಸಿಕೊಂಡು ಬಂದವರು ಕಸುಬಿನ ಸಾಮಾನು ಹೊತ್ತು ತರುವುದಿಲ್ಲ ಎಂಬುದು ಅಮ್ಮನಿಗೂ ಗೊತ್ತಿತ್ತು. ಅದಕ್ಕೇ ಭಯ.

"ಸಂಜೆ ಬರ್ತಾರೆ. ನಾನೇ ಫೋನ್ ಮಾಡಿ ಕರೆದಿದೀನಿ. ಮುಖ ತೊಳ್ಕೊಂಡು ಹೊರಡು."

ಮಗಳ ಕೈ ನಿಂತಿತು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಅಮ್ಮ?"

"ನನ್ನ ಯಾರು ಕೇಳಿದ್ರು? ಮದುವೆ ಅಂದ್ರೆ ತಲೆ ಮೇಲೊಂದು ಸೂರು, ಹಿಂದೆ ಒಂದು ಗಂಡಸಿನ ದನಿ. ಅದಕ್ಕಿಂತ ಹೆಚ್ಚು ನಾವು ಕೇಳಿದೋರಲ್ಲ."

"ಸೂರು ನಾನು ದುಡಿದ್ರೂ ಸಿಗುತ್ತೆ. ನನಗೆ ಬೇಕಾಗಿದ್ದು ಜೊತೆಗೊಬ್ಬ ಮನುಷ್ಯ."

"ದೊಡ್ಡ ಮಾತು ಕಲ್ತಿದೀಯ," ಎಂದಳು ಅಮ್ಮ. ಹಲ್ಲೆಲ್ಲ ಕೀಳಿಸಿದ ಮೇಲೆ ಅವಳ ಮಾತು ಅರ್ಧ ಗಾಳಿಯಾಗಿ ಹೋಗುತ್ತಿತ್ತು. ಬೈಗುಳಕ್ಕೆ ಮೊದಲಿನ ಖಾರವಿರಲಿಲ್ಲ. ನೆಂಟರು ಬಂದರೆ ಅಡುಗೆಮನೆ ಸೇರಿಬಿಡುತ್ತಿದ್ದಳು, ಬಾಗಿಲು ತಟ್ಟಿದರೆ ಅಪ್ಪನೇ ಕುಂಟುತ್ತ ಎದ್ದು ತೆಗೆಯಬೇಕಿತ್ತು.

ಅಪ್ಪ ಪಕ್ಕದ ಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡು ಮಲಗಿದ್ದರು. ನೀರಿನ ಮೀಟರು ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಬೀದಿಯ ಪ್ರತಿಯೊಂದು ಮನೆಯೊಳಕ್ಕೂ ಹೋಗಿ ಬಂದಿದ್ದರು, ಯಾರ ಮನೆಯಲ್ಲೂ ದನಿ ಎತ್ತಿದವರಲ್ಲ. ಈಗಲೂ ಅವರು ಜಗಲಿಯಲ್ಲಿ ಕೂತರೆ ಹೋಗಿ ಬರುವವರೆಲ್ಲ ನಿಂತು ಮಾತಾಡಿಸುತ್ತಾರೆ. ಬಂಗಾರದಂಥ ಮನುಷ್ಯ ಎಂದು ಜನ ಹೇಳುವಾಗ ಮಗಳಿಗೆ ಹೆಮ್ಮೆಯೇ ಆಗುತ್ತಿತ್ತು.

ಮೇಣದ ಮೇಲೆ ಕೊನೆಯ ಹಲ್ಲು ಕೂತಿತು. ಲ್ಯಾಬಿನಲ್ಲಿ ಅವಳ ಕೈಗೆ ಒಳ್ಳೆಯ ಹೆಸರಿತ್ತು, ಅದಕ್ಕೆ ಕಾರಣವೂ ಇತ್ತು. ಉಳಿದವರು ಹಲ್ಲುಗಳನ್ನು ಪೆರೇಡಿಗೆ ನಿಲ್ಲಿಸಿದಂತೆ ಸಾಲಾಗಿ ಜೋಡಿಸುತ್ತಿದ್ದರು, ನಕ್ಕರೆ ಸಾಕು ಕಟ್ಟಿಸಿದ್ದೆಂದು ಗೊತ್ತಾಗಿಬಿಡುತ್ತಿತ್ತು. ಇವಳು ಹಾಗಲ್ಲ. ಹಲ್ಲು ಹೋಗುವ ಮೊದಲು ಆ ಮನುಷ್ಯ ಹೇಗೆ ನಗುತ್ತಿದ್ದ ಎಂದು ವಿಚಾರಿಸಿ, ಎಲ್ಲೋ ಒಂದು ಸಂದು ಬಿಟ್ಟು, ಒಂದನ್ನು ಚೂರು ತಿರುಗಿಸಿ, ಅವರದೇ ಬಾಯಿ ಅನ್ನಿಸುವಂತೆ ಮಾಡುತ್ತಿದ್ದಳು. ಅಮ್ಮನ ಬಾಯಿಗೆ ಯಾರನ್ನೂ ವಿಚಾರಿಸುವುದು ಬೇಕಿರಲಿಲ್ಲ. ಮುಂದಿನ ಹಲ್ಲು ಒಂದು ಒಳಕ್ಕೆ ಬಾಗಿ ಪಕ್ಕದ್ದರ ಹಿಂದೆ ಅವಿತಿತ್ತು. ಚಿಕ್ಕವಳಿದ್ದಾಗ ಅಮ್ಮನ ತೊಡೆಯ ಮೇಲೆ ಕೂತು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಈಗ ಎಲ್ಲ ಹಲ್ಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿದ್ದು ಅದನ್ನು ಓರೆಯಾಗಿಸುವುದಕ್ಕೇ.

"ಬಾ, ಹಾಕಿ ನೋಡೋಣ. ಇದು ಬರೀ ಮೇಣ, ಕಚ್ಬೇಡ. ಒಪ್ಪಿದ್ರೆ ಆಮೇಲೆ ಗಟ್ಟಿ ಮಾಡೋದು."

ಸೆಟ್ಟು ಕೂತಿತು. ಒಳಸೇರಿದ್ದ ತುಟಿಗಳು ಮೇಲೆದ್ದವು. ಮಗಳು ಕನ್ನಡಿ ಕೊಟ್ಟು ಹೊಗಳಿಕೆಗೆ ಕಾದಳು. ಅಮ್ಮ ಕನ್ನಡಿಯನ್ನು ನೋಡಿದವಳು ನೋಡಿದಂತೆಯೇ ಉಳಿದಳು.

ಅಷ್ಟರಲ್ಲಿ ಅಪ್ಪ ನೀರು ಕುಡಿಯಲು ಬಂದರು. "ಓಹೋ, ಈಗ ನೋಡು ನಿಮ್ಮಮ್ಮ ನಿಮ್ಮಮ್ಮನ ಥರ ಕಾಣ್ತಾಳೆ! ಆ ಓರೆ ಹಲ್ಲನ್ನೂ ಬಿಟ್ಟಿಲ್ವಲ್ಲೇ ಕಳ್ಳಿ! ಹುಟ್ಟುವಾಗ್ಲೇ ತಂದಿದ್ದದು. ಹೆಣ್ಣು ನೋಡೋಕೆ ಹೋದಾಗ ಅದಕ್ಕೇ ನಾನು ಬಿದ್ದಿದ್ದು." ನಕ್ಕು, ಲೋಟ ತುಂಬಿಕೊಂಡು, ಮಗಳ ಬೆನ್ನು ತಟ್ಟಿ ಹೋದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದರು.

ಅಮ್ಮ ಸೆಟ್ಟನ್ನು ಬಾಯಿಂದ ತೆಗೆದು ಪೇಪರಿನ ಮೇಲಿಟ್ಟಳು.

"ಅದನ್ನ ನೆಟ್ಟಗೆ ಮಾಡು."

"ಯಾಕಮ್ಮ? ಅದೇ ತಾನೆ ನಿನ್ನ..."

"ನೆಟ್ಟಗೇ ಇತ್ತು. ಮದುವೆ ಆಗಿ ಬಂದಾಗ ನೆಟ್ಟಗೇ ಇತ್ತು." ರೇಡಿಯೋದ ಸದ್ದಿನ ಕೆಳಗೆ ಮೆಲ್ಲಗೆ ಹೇಳಿದಳು. "ನೀನು ಹೊಟ್ಟೇಲಿದ್ದೆ. ಒಂದ್ಸಲ ತವರಿಗೆ ಹೋಗಿ ಬರ್ತೀನಿ ಅಂದೆ. ಅಷ್ಟೇ. ಹಲ್ಲು ಬೀಳ್ಲಿಲ್ಲ, ಒಳಗೆ ಹೋಯ್ತು. ಆಮೇಲೆ ಹಾಗೇ ಗಟ್ಟಿ ಆಯ್ತು. ಊದಿಕೊಂಡ ಬಾಯಲ್ಲೇ ತವರಿಗೆ ಓಡಿದೆ. ನಮ್ಮಮ್ಮ ಹಾಸಿಗೆ ಹಾಸಿ ಮಲಗಿಸಿದ್ಲು. ಯಾರಾದ್ರೂ ಕೇಳಿದ್ರೆ ಮೆಟ್ಟಿಲ ಮೇಲೆ ಬಿದ್ದೆ ಅಂತ ಹೇಳು ಅಂದ್ಲು. ಸಂಜೆಗೆ ಇವರನ್ನ ಕರೆಸಿ ಜೊತೆಗೆ ಕಳಿಸಿಬಿಟ್ಲು."

ಮಗಳು ತನ್ನ ಕೈ ನೋಡಿಕೊಂಡಳು. ಆ ಹಲ್ಲನ್ನು ಅಷ್ಟು ಪ್ರೀತಿಯಿಂದ, ಅಷ್ಟು ನಾಜೂಕಾಗಿ ಬಾಗಿಸಿದ್ದು ತನ್ನ ಬೆರಳುಗಳೇ. ಅಪ್ಪ ಒಂದು ಕ್ಷಣದಲ್ಲಿ ಮಾಡಿದ್ದನ್ನು ಇವಳು ಇಡೀ ಬೆಳಗು ಕೂತು ಮತ್ತೆ ಮಾಡಿದ್ದಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡಳು, ಮತ್ತೂ ಒರೆಸಿಕೊಂಡಳು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮದುವೆ ಆಗ್ತಿದ್ಯಾ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಮಗಳು ಚಾಕುವಿನ ತುದಿಯನ್ನು ದೀಪಕ್ಕೆ ಹಿಡಿದು, ಕಾದ ಮೇಲೆ ಹಲ್ಲಿನ ಸುತ್ತ ಆಡಿಸಿದಳು. ಮೇಣ ಮೆತ್ತಗಾಗಿ ಹಲ್ಲು ಸಡಿಲವಾಯಿತು. ಹೊರಕ್ಕೆ ಎಳೆದಳು. ಹೆಚ್ಚೇ ಮುಂದೆ ಬಂತು, ಮತ್ತೆ ಒಳಗೆ ಒತ್ತಿದಳು. ಒಂದನ್ನು ಸರಿಮಾಡಿದರೆ ಪಕ್ಕದ್ದಕ್ಕೆ ಜಾಗವಿಲ್ಲ, ಅದನ್ನೂ ಬಿಡಿಸಬೇಕಾಯಿತು. ಕಿಟಕಿಯ ಬೆಳಕು ಕಡಿಮೆಯಾಗುವವರೆಗೂ ಅದೇ ಕೆಲಸ. ಅಮ್ಮ ಎದುರಿಗೆ ಕೂತು ನೋಡುತ್ತಿದ್ದಳು.

ಬಾಗಿಲ ಗಂಟೆ ಬಾರಿಸಿತು. ಮಗಳು ಏಳಹೋದಳು. ಅಮ್ಮ ಅವಳ ಭುಜ ಒತ್ತಿ ಕೂರಿಸಿದಳು.

"ನಿನ್ನ ಕೆಲಸ ನೀನು ಮಾಡು."

ಬರಿ ಬಾಯಿಯಲ್ಲೇ ಹೋಗಿ ಬಾಗಿಲು ತೆಗೆದಳು. ಅಳಿಯ ಹಣ್ಣಿನ ಚೀಲ ಹಿಡಿದು ನಿಂತಿದ್ದ. ಒಳ್ಳೆಯ ಇಸ್ತ್ರಿಯ ಅಂಗಿ, ಮೆಲುಮಾತು. "ರೆಡಿ ಆಗಿದಾಳಾ ಅತ್ತೆ? ಗಾಡಿ ಹೊರಗೇ ನಿಲ್ಲಿಸಿದೀನಿ."

"ಅವಳು ಬರಲ್ಲ."

"ಏನಂದ್ರಿ?"

ಅವನಿಗೆ ತಿಳಿಯಲಿಲ್ಲವೋ, ತಿಳಿಯುವ ಮನಸ್ಸಿರಲಿಲ್ಲವೋ. ಅಮ್ಮ ಇನ್ನೊಮ್ಮೆ ಹೇಳಿದಳು. ಗಾಳಿಯ ಜೊತೆ ಉಗುಳೂ ಹಾರಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಕರೆದಿದ್ದು ನೀವೇ ಅಲ್ವಾ ಅತ್ತೆ?"

"ಕರೆದಿದ್ದೆ. ತಪ್ಪಾಯ್ತು."

"ಹೋಗ್ಲಿ, ಮಾವನ್ನ ಕರೀರಿ. ಅವರ ಹತ್ರ ಮಾತಾಡ್ತೀನಿ."

"ಅವರ ಹತ್ರ ಮಾತಾಡೋಕೆ ಏನಿಲ್ಲ. ನಾನು ಹೇಳ್ತಿದೀನಿ. ಹಣ್ಣು ತಗೊಂಡು ಹೋಗಿ."

ಚಿಲಕ ಬಿದ್ದ ಸದ್ದು ಅಡುಗೆಮನೆಗೆ ಕೇಳಿಸಿತು. ಮಗಳ ಕೈಯಲ್ಲಿದ್ದ ಚಾಕು ಆರಿ ಹೋಗಿತ್ತು. ಕೋಣೆಯೊಳಗೆ ರೇಡಿಯೋ ನಿಂತಿತು.

"ಯಾರೇ ಅದು? ಅಳಿಯನ ದನಿ ಅಲ್ವಾ? ಒಳಗೆ ಯಾಕೆ ಕರೀಲಿಲ್ಲ?"

ಅಮ್ಮ ಅಡುಗೆಮನೆಗೆ ವಾಪಸ್ ಬಂದಳು. ಅಪ್ಪ ಇನ್ನೊಮ್ಮೆ ಕೇಳಿದರು. ಈ ಸಲದ ದನಿಯನ್ನು ಮಗಳು ಎಂದೂ ಕೇಳಿರಲಿಲ್ಲ. ಅಮ್ಮನ ಮುಖ ನೋಡಿದರೆ ಅವಳಿಗೆ ಅದು ಹೊಸದಲ್ಲ ಎಂದು ತಿಳಿಯುತ್ತಿತ್ತು.

"ಅಮ್ಮ, ನನ್ನ ಜೊತೆ ಬಂದ್ಬಿಡು. ಎಲ್ಲಾದ್ರೂ ಒಂದು ರೂಮು ನೋಡೋಣ," ಎಂದಳು ಪಿಸುದನಿಯಲ್ಲಿ.

"ಮೊದಲು ಇದನ್ನ ಮುಗಿಸು."

ಮಗಳು ಸೆಟ್ಟನ್ನು ತಣ್ಣೀರಿನ ಬಟ್ಟಲಿಗೆ ಹಾಕಿದಳು. ಮೇಣ ಬಿಗಿಯಾಗಬೇಕಿತ್ತು. ಒಳಗೆ ಮಂಚ ಕಿರುಗುಟ್ಟಿತು, ಅಪ್ಪ ಕಾಲಿನಿಂದ ಚಪ್ಪಲಿ ತಡಕುವ ಸದ್ದಾಯಿತು. ಅಮ್ಮ ಕುರ್ಚಿಯನ್ನು ದೀಪದ ಹತ್ತಿರಕ್ಕೆ ಎಳೆದುಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಬಾಯಿ ತೆರೆದಳು.